ಪ್ರೇಕ್ಷಕರೇ, ದಯವಿಟ್ಟು ಅಡ್ಡ ಬರಬೇಡಿ

ಜನ ಥಿಯೇಟರಿಗೆ ಬರುತ್ತಿಲ್ಲ ಅಂತ ಎಲ್ಲರೂ ಗೋಳಾಡುತ್ತಿದ್ದಾರೆ. ಟಿವಿಯಲ್ಲಿ ಚರ್ಚೆ, ವಾಣಿಜ್ಯ ಮಂಡಳಿಯಲ್ಲಿ ಸಭೆ, ಪ್ರೆಸ್‌ಮೀಟ್‌ನಲ್ಲಿ ನಿರ್ಮಾಪಕರ ಕಣ್ಣೀರು. ಗಾಂಧಿನಗರದಲ್ಲಿ ಹಂಚಿಕೆ, ಬುಕಿಂಗ್ ಅಂತ ಓಡಾಡಿಕೊಂಡೇ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ನನ್ನ ಮಾತು ಕೇಳಿ, ಅಳಬೇಡಿ. ನಮ್ಮ ವ್ಯಾಪಾರ ಈಗ ಎಂಥ ಮಟ್ಟಕ್ಕೆ ಬೆಳೆದಿದೆ ಅಂದರೆ ಅದಕ್ಕೆ ಪ್ರೇಕ್ಷಕ ಬೇಕಾಗೇ ಇಲ್ಲ. ಬಂದರೆ ತೊಂದರೆಯೇ ಜಾಸ್ತಿ.

ಮೊದಲು ಹೀಗಿರಲಿಲ್ಲ. ನಾನು ಈ ಕಸುಬಿಗೆ ಬಂದಿದ್ದು ರೆಪ್ ಆಗಿ. ಹಂಚಿಕೆದಾರನ ಪರವಾಗಿ ಪೆಟ್ಟಿಗೆ ಹಿಂದೆ ಊರೂರಿಗೆ ಹೋಗಿ, ಲಾಡ್ಜಿನಲ್ಲಿ ಮಲಗಿ, ಥಿಯೇಟರ್ ಬಾಗಿಲಲ್ಲಿ ನಿಂತು ತಲೆ ಎಣಿಸುವವನೇ ರೆಪ್. ಪೆಟ್ಟಿಗೆ ಅಂದರೆ ರೀಲು ತುಂಬಿದ ತಗಡಿನ ಪೆಟ್ಟಿಗೆ, ಬಸ್ಸಿನ ಮೇಲೆ ಹಾಕಿ ಕಳಿಸುತ್ತಿದ್ದೆವು. ಒಂದೇ ಪ್ರಿಂಟನ್ನು ಎರಡು ಥಿಯೇಟರಿನಲ್ಲಿ ಓಡಿಸುವುದೂ ಇತ್ತು, ಅದಕ್ಕೆ ಶಿಫ್ಟಿಂಗ್ ಅನ್ನುತ್ತಿದ್ದರು. ಇಲ್ಲಿ ಮುಗಿದ ರೀಲನ್ನು ಒಬ್ಬ ಹುಡುಗ ಸೈಕಲ್ ಮೇಲೆ ಇಟ್ಟುಕೊಂಡು ಅಲ್ಲಿಗೆ ಓಡಬೇಕು. ಸೈಕಲ್ ಪಂಕ್ಚರ್ ಆಯಿತೋ, ಅಲ್ಲಿ ಇಂಟರ್‌ವಲ್ ಮುಗಿಯುವುದೇ ಇಲ್ಲ. ಜನ ಶಿಳ್ಳೆ ಹೊಡೆಯುತ್ತಿದ್ದರು, ಬೈಯುತ್ತಿದ್ದರು, ಆದರೂ ಎದ್ದು ಹೋಗುತ್ತಿರಲಿಲ್ಲ.

ಆಗಲೂ ಕಳ್ಳತನ ಇತ್ತು. ಇರಲಿಲ್ಲ ಅಂತ ಹೇಳುವಷ್ಟು ವಯಸ್ಸು ನನಗಿನ್ನೂ ಆಗಿಲ್ಲ. ಆದರೆ ಆಗಿನ ಕಳ್ಳತನ ಬಂದ ಜನರನ್ನು ಮುಚ್ಚಿಡುವ ಕಳ್ಳತನ. ಪರದೆ ಮುಂದಿನ ಗಾಂಧಿ ಕ್ಲಾಸಿನಲ್ಲಿ ಕಾಲಿಡಲು ಜಾಗ ಇಲ್ಲ, ಬಾಲ್ಕನಿಯಲ್ಲಿ ಮೆಟ್ಟಿಲ ಮೇಲೂ ಕೂತಿದ್ದಾರೆ, ಮಾರನೇ ದಿನ ಡಿಸಿಆರ್ ಕೈಗೆ ಬಂದರೆ ಅರ್ಧ ಥಿಯೇಟರ್ ಖಾಲಿ. ಡಿಸಿಆರ್ ಅಂದರೆ ಡೈಲಿ ಕಲೆಕ್ಷನ್ ರಿಪೋರ್ಟ್, ನಮ್ಮ ಪಾಲಿನ ಪಂಚಾಂಗ. ಬಾಗಿಲಲ್ಲಿ ಟಿಕೆಟ್ ಹರಿಯುವವನು ಹರಿಯುತ್ತಿರಲಿಲ್ಲ. ಅದೇ ಟಿಕೆಟ್ ಹಿಂಬಾಗಿಲಿಂದ ಕೌಂಟರಿಗೆ ಹೋಗಿ ಇನ್ನೊಬ್ಬನಿಗೆ ಮಾರಾಟ ಆಗುತ್ತಿತ್ತು. ಎಕ್ಸ್‌ಟ್ರಾ ಹಾಕಿದ ಕುರ್ಚಿಗಳು ಯಾವ ಲೆಕ್ಕದಲ್ಲೂ ಇಲ್ಲ. ಮನರಂಜನಾ ತೆರಿಗೆಯವರಿಗೂ ಅದೇ ಲೆಕ್ಕ, ನಮಗೂ ಅದೇ ಲೆಕ್ಕ. ಇದನ್ನು ಹಿಡಿಯಲಿಕ್ಕೇ ರೆಪ್ ಇರುವುದು, ಆದ್ದರಿಂದ ರೆಪ್‌ನನ್ನು ಮೊದಲು ಊಟಕ್ಕೆ ಕಳಿಸುತ್ತಿದ್ದರು. "ಊಟ ಮಾಡ್ಕೊಂಡು ಬನ್ನಿ ಸಾರ್, ಜನ ಎಲ್ಲಿ ಹೋಗ್ತಾರೆ" ಅಂತ ಮ್ಯಾನೇಜರ್ ಪ್ರೀತಿಯಿಂದ ಹೇಳುತ್ತಿದ್ದ. ಊಟ ಎಷ್ಟು ಚೆನ್ನಾಗಿದೆಯೋ ಅಷ್ಟು ಟಿಕೆಟ್ ಹೋಯಿತು ಅಂತ ನಮ್ಮ ಹಿರಿಯರು ಕಲಿಸಿದ್ದರು. ಅನ್ನ ಸಾರು ಅಂದರೆ ಸೆಕೆಂಡ್ ಕ್ಲಾಸ್ ಮಾತ್ರ. ಮಟನ್ ಬಿರಿಯಾನಿ ಬಂತು ಅಂದರೆ ಬಾಲ್ಕನಿಯನ್ನೂ ಮರೆತುಬಿಡಬೇಕು.

ಆಗ ರಾಜ್ಯವನ್ನು ಏರಿಯಾ ಏರಿಯಾ ಮಾಡಿ ಸಿನಿಮಾ ಮಾರುತ್ತಿದ್ದರು. ಬೆಂಗಳೂರು, ಕೋಲಾರ, ತುಮಕೂರು ಸೇರಿ ಬಿಕೆಟಿ. ಮೈಸೂರು, ಮಂಡ್ಯ, ಕೊಡಗು, ಹಾಸನ ಸೇರಿ ಎಂಎಂಸಿಎಚ್. ಆಮೇಲೆ ಚಿತ್ರದುರ್ಗ-ದಾವಣಗೆರೆ, ಶಿವಮೊಗ್ಗ, ಬಾಂಬೆ ಕರ್ನಾಟಕ, ಹೈದರಾಬಾದ್ ಕರ್ನಾಟಕ. (2019ರಲ್ಲಿ ಸರ್ಕಾರ ಅದನ್ನು ಕಲ್ಯಾಣ ಕರ್ನಾಟಕ ಮಾಡಿತು. ನಮ್ಮವರ ಬಾಯಲ್ಲಿ ಇನ್ನೂ ಹೈದರಾಬಾದೇ. ಗಾಂಧಿನಗರಕ್ಕೆ ಸುದ್ದಿ ಸ್ವಲ್ಪ ತಡವಾಗಿ ಬರುತ್ತದೆ.) ಒಬ್ಬೊಬ್ಬ ಹಂಚಿಕೆದಾರ ಒಂದೊಂದು ಏರಿಯಾಕ್ಕೆ ಎಂಜಿ ಕಟ್ಟಿ, ಅಂದರೆ ಇಷ್ಟು ಗ್ಯಾರಂಟಿ ಅಂತ ಮೊದಲೇ ದುಡ್ಡು ಕೊಟ್ಟು ಪೆಟ್ಟಿಗೆ ತರುತ್ತಿದ್ದ. ಹೆಂಡತಿ ಒಡವೆ ಅಡವಿಟ್ಟವರೂ ಇದ್ದರು. ಹಾಕಿದ ದುಡ್ಡು ವಾಪಸ್ ಬರಬೇಕು ಅಂದರೆ ಜನ ಬರಲೇಬೇಕು. ಗುರುವಾರ ರಾತ್ರಿ ನಿದ್ದೆ ಇಲ್ಲ, ಶುಕ್ರವಾರ ಬೆಳಿಗ್ಗೆ ಊಟ ಇಲ್ಲ. ಯಾರೋ ಗುರುತಿಲ್ಲದವನು, ಹೊಲದಲ್ಲಿ ಕೆಲಸ ಮುಗಿಸಿ, ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಂಡು, ಈ ಸಿನಿಮಾ ನೋಡಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತಿದ್ದ, ಅವನ ತೀರ್ಮಾನದ ಮೇಲೆ ನಮ್ಮೆಲ್ಲರ ಹೊಟ್ಟೆಪಾಡು. ಎಷ್ಟು ಹಿಂದುಳಿದಿದ್ದೆವು ನೋಡಿ.

ಈಗ ಆ ಕಾಟ ಇಲ್ಲ. ಎಂಜಿ ಕಟ್ಟುವ ಹಂಚಿಕೆದಾರ ಬೆರಳೆಣಿಕೆಯ ಸ್ಟಾರ್ ಸಿನಿಮಾಗಳಿಗೆ ಮಾತ್ರ ಸಿಗುತ್ತಾನೆ. ಉಳಿದವರದ್ದೆಲ್ಲ ಸ್ವಂತ ರಿಲೀಸ್. ಸ್ವಂತ ರಿಲೀಸ್ ಅಂದರೆ ನಿರ್ಮಾಪಕ ತನ್ನ ದುಡ್ಡಲ್ಲೇ ಎಲ್ಲ ಮಾಡುತ್ತಾನೆ, ನಮ್ಮಂಥವರು ಫೀಸು ಮೊದಲೇ ಇಸ್ಕೊಂಡು ಥಿಯೇಟರ್ ಹಿಡಿದು ಕೊಡುತ್ತೇವೆ. ಸಿನಿಮಾ ಹೇಗಿದೆ ಅಂತ ನಾವು ಕೇಳುವುದಿಲ್ಲ. ಕೇಳಿದರೆ ನೋಡಬೇಕಾಗುತ್ತದೆ.

ಇನ್ನು ಥಿಯೇಟರ್. ಕೆ.ಜಿ. ರಸ್ತೆಯಲ್ಲಿ ಒಂದು ಮೇನ್ ಥಿಯೇಟರ್ ಇಲ್ಲದೆ ಕನ್ನಡ ಸಿನಿಮಾ ರಿಲೀಸ್ ಆದ ಹಾಗೇ ಅಲ್ಲ. ಕಟೌಟ್ ನಿಲ್ಲಿಸಬೇಕು, ಹಾರ ಹಾಕಬೇಕು, ಹಾಲು ಸುರಿಯಬೇಕು. ಈ ಥಿಯೇಟರಿಗೆ ನಿರ್ಮಾಪಕ ವಾರದ ಬಾಡಿಗೆ ಕಟ್ಟಬೇಕು. ಕಲೆಕ್ಷನ್ ಬಂದರೆ ಬಾಡಿಗೆ ಕಳೆದು ಉಳಿದಿದ್ದು ಅವನದು. ಬರದಿದ್ದರೆ ಕೈಯಿಂದ ಕೊಡಬೇಕು. ಕಲ್ಯಾಣ ಮಂಟಪ ಹಿಡಿದ ಹಾಗೆ, ನೆಂಟರು ಬಂದರೋ ಬಿಟ್ಟರೋ ಮಂಟಪದವನಿಗೆ ಏನು? ಬಾಡಿಗೆ ಬೇಕೋ, ಕಲೆಕ್ಷನ್‌ನಲ್ಲಿ ಪಾಲು ಅಂದರೆ ಪರ್ಸೆಂಟೇಜ್ ಬೇಕೋ ಅನ್ನುವ ಜಗಳ ನಾನು ಈ ರಸ್ತೆಯಲ್ಲಿ ಓಡಾಡುವ ಕಾಲದಿಂದ ನಡೆಯುತ್ತಲೇ ಇದೆ. ಸ್ಟಾರ್ ಸಿನಿಮಾ ಇರುವವನಿಗೆ ಬಾಡಿಗೆ ಬೇಕು, ಹೊಸಬನಿಗೆ ಪರ್ಸೆಂಟೇಜ್ ಬೇಕು, ಥಿಯೇಟರ್‌ನವನಿಗೆ ಆ ವಾರ ಯಾವುದರಲ್ಲಿ ದುಡ್ಡು ಜಾಸ್ತಿಯೋ ಅದು ಬೇಕು. ಎಲ್ಲರೂ ಇದನ್ನು ಚಿತ್ರರಂಗದ ಉಳಿವಿಗಾಗಿ ಕೇಳುತ್ತಿದ್ದಾರೆ.

ಬಾಡಿಗೆ ಆಯಿತು. ಅದರ ಮೇಲೆ ಪ್ರೊಜೆಕ್ಟರ್ ಕಂಪನಿಗೆ ಕಟ್ಟಬೇಕು, ಅದರ ಹೆಸರು ವರ್ಚುಯಲ್ ಪ್ರಿಂಟ್ ಫೀ. ಪ್ರಿಂಟ್ ಇಲ್ಲ, ರೀಲ್ ಇಲ್ಲ, ಪೆಟ್ಟಿಗೆ ಇಲ್ಲ, ಸೈಕಲ್ ಹುಡುಗ ಇಲ್ಲ, ಫೀ ಇದೆ. ಇದನ್ನು ವಿರೋಧಿಸಿ 2018ರ ಮಾರ್ಚ್‌ನಲ್ಲಿ ದಕ್ಷಿಣದ ಚಿತ್ರರಂಗಗಳು ಮುಷ್ಕರವನ್ನೇ ಮಾಡಿದವು. ಮುಷ್ಕರ ಹೋಯಿತು, ಫೀ ಉಳಿಯಿತು.

ಸರಿ, ಇಷ್ಟೆಲ್ಲ ಕಟ್ಟಿದ ಮೇಲೆ ಸೀಟು ಖಾಲಿ ಕಂಡರೆ ಮರ್ಯಾದೆ ಪ್ರಶ್ನೆ. ಟಿಕೆಟ್ ಆ್ಯಪ್ ಬಂದ ಮೇಲೆ ಖಾಲಿ ಸೀಟು ಇಡೀ ಊರಿಗೇ ಕಾಣುತ್ತದೆ. ಅದಕ್ಕೆ ನಿರ್ಮಾಪಕ ತನ್ನ ಆಫೀಸಿನಲ್ಲಿ ನಾಲ್ಕು ಹುಡುಗರನ್ನು ಕೂರಿಸಿ, ನಾಲ್ಕು ಮೊಬೈಲ್ ಕೊಟ್ಟು, ತನ್ನ ಸಿನಿಮಾಕ್ಕೆ ತಾನೇ ಟಿಕೆಟ್ ಕೊಳ್ಳುತ್ತಾನೆ. ಟಿಕೆಟ್ಟಿನ ದುಡ್ಡು, ಅದರ ಮೇಲೆ ಜಿಎಸ್‌ಟಿ, ಅದರ ಮೇಲೆ ಆ್ಯಪ್‌ನವರ ಬುಕಿಂಗ್ ಫೀಸು, ಎಲ್ಲ ಇವನದೇ. ಇದಕ್ಕೆ ಇಂಡಸ್ಟ್ರಿಯಲ್ಲಿ ಕಾರ್ಪೊರೇಟ್ ಬುಕಿಂಗ್ ಅಂತ ಗೌರವದ ಹೆಸರಿದೆ. ದೊಡ್ಡವರು ಕೋಟಿಗಳಲ್ಲಿ ಮಾಡುತ್ತಾರೆ, ಹಿಂದಿಯವರು, ತೆಲುಗಿನವರು ನಮಗಿಂತ ಮುಂದಿದ್ದಾರೆ. ನಮ್ಮವರು ಬಡವರು, ಒಂದೆರಡು ಶೋ ಮಾತ್ರ.

ಹಳೇ ರೆಪ್ ಬುದ್ಧಿ ಹೋಗುವುದಿಲ್ಲ ಅಲ್ವಾ, ಅಂಥ ಒಂದು ಶೋಗೆ ತಲೆ ಎಣಿಸಲು ಹೋದೆ. ಆ್ಯಪ್‌ನಲ್ಲಿ ಒಂದು ಸೀಟೂ ಉಳಿದಿರಲಿಲ್ಲ. ಒಳಗೆ ಹೋದರೆ ಅಲ್ಲೊಬ್ಬರು ಇಲ್ಲೊಬ್ಬರು. ಒಬ್ಬ ಸಹ ನಿರ್ದೇಶಕನ ಅಮ್ಮ. ಒಬ್ಬರು ಏಸಿಗೆ ಮಲಗಲು ಬಂದವರು. ಹೊರಗೆ ಬಂದಾಗ ಕೌಂಟರ್ ಮುಂದೆ ಗಂಡ ಹೆಂಡತಿ ಒಂದು ಮಗುವನ್ನು ಎತ್ತಿಕೊಂಡು ನಿಂತಿದ್ದರು. ಟಿಕೆಟ್ ಬೇಕಿತ್ತು ಅವರಿಗೆ. ದುಡ್ಡು ಕೊಟ್ಟು ಸಿನಿಮಾ ನೋಡಬೇಕಿತ್ತಂತೆ!

"ಹೌಸ್‌ಫುಲ್ ಅಮ್ಮ" ಅಂದ ಕೌಂಟರ್ ಹುಡುಗ.

"ಬಾಗಿಲಿಂದ ಖಾಲಿ ಕಾಣ್ತಿದೆಯಲ್ಲಪ್ಪ?"

"ಖಾಲಿ ಇದೆ. ಆದ್ರೆ ಸೀಟಿಲ್ಲ."

ಅವರು ಪಕ್ಕದ ಥಿಯೇಟರಿಗೆ ಬೇರೆ ಭಾಷೆಯ ಸಿನಿಮಾಕ್ಕೆ ಹೋದರು. ಆ ಸಂಜೆಯೇ ನಿರ್ಮಾಪಕರು ಪ್ರೆಸ್‌ಮೀಟ್ ಕರೆದು, ಕನ್ನಡಿಗರು ಕನ್ನಡ ಸಿನಿಮಾ ಬಿಟ್ಟು ಬೇರೆ ಭಾಷೆಯ ಸಿನಿಮಾಕ್ಕೆ ಹೋಗುತ್ತಿದ್ದಾರೆ ಅಂತ ನೊಂದು ಮಾತಾಡಿದರು. ಇದನ್ನು ಸುಳ್ಳು ಅನ್ನಲು ನನ್ನ ಬಳಿ ಸಾಕ್ಷಿ ಇಲ್ಲ, ನಿಜ ಅನ್ನಲು ಇದೆ.

ನನ್ನ ಕಷ್ಟ ಅರ್ಥ ಮಾಡಿಕೊಳ್ಳಿ. ಅರ್ಧ ಜೀವಮಾನ ನಾನು ತುಂಬಿದ ಥಿಯೇಟರನ್ನು ಖಾಲಿ ಅಂತ ತೋರಿಸುವವರನ್ನು ಹಿಡಿದೆ. ಈಗ ಖಾಲಿ ಥಿಯೇಟರನ್ನು ತುಂಬಿದೆ ಅಂತ ತೋರಿಸುವವರ ಕೈಯಲ್ಲಿ ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಎರಡೂ ಸಲ ಡಿಸಿಆರ್ ಸುಳ್ಳೇ. ಆದರೆ ಆಗಿನ ಸುಳ್ಳಿಗೆ ಬಿರಿಯಾನಿ ಇತ್ತು.

ಶುಕ್ರವಾರದ ವಿಷಯಕ್ಕೆ ಬರೋಣ. ಈಚಿನ ವರ್ಷಗಳಲ್ಲಿ ಬಿಡುಗಡೆ ಆಗುವ ಕನ್ನಡ ಸಿನಿಮಾಗಳ ಸಂಖ್ಯೆ ವರ್ಷಕ್ಕೆ 200 ದಾಟುತ್ತಿದೆ. ವರ್ಷಕ್ಕೆ ಶುಕ್ರವಾರ ಇರುವುದು 52. ಅದರಲ್ಲಿ ಸ್ಟಾರ್ ಸಿನಿಮಾ ಬರುವ ವಾರ ಬೇಡ, ಪರೀಕ್ಷೆ ಬೇಡ, ಐಪಿಎಲ್ ಬೇಡ, ಆಷಾಢ ಬೇಡ, ಚುನಾವಣೆ ಬೇಡ. ಉಳಿದ ಕೆಲವೇ ಶುಕ್ರವಾರಗಳಿಗೆ ಎಂಟು ಹತ್ತು ಸಿನಿಮಾ ಮುಗಿಬಿದ್ದು, ಶನಿವಾರ ಎಲ್ಲರೂ ಸೇರಿ "ಥಿಯೇಟರ್ ಸಿಗ್ತಿಲ್ಲ" ಅಂತಾರೆ. ಎಲ್ಲಿಂದ ಸಿಗಬೇಕು? ಸಾಗರ್ ಥಿಯೇಟರ್ ಇದ್ದ ಜಾಗದಲ್ಲಿ ಸೀರೆ ಮಾರುತ್ತಾರೆ. ಕಪಾಲಿ ಒಡೆದಾಯಿತು. ಅಲಂಕಾರ್ ಹೋಗಿ ಯಾವುದೋ ಕಾಲ. ಕಾವೇರಿ 2024ರಲ್ಲಿ ಬಾಗಿಲು ಹಾಕಿತು. ಥಿಯೇಟರ್ ಮುಚ್ಚುವ ದಿನ ಮಾತ್ರ ಜನ ತಪ್ಪದೆ ಬರುತ್ತಾರೆ, ಸೆಲ್ಫಿಗೆ. ಆವತ್ತಾದರೂ ಒಂದು ಟಿಕೆಟ್ ತಗೊಳ್ಳಿ ಅಂದರೆ, ಇಲ್ಲ ಸಾರ್, ಸುಮ್ನೆ ನೆನಪಿಗೆ ಅಂತಾರೆ.

ಹಾಗಾದರೆ ಇಷ್ಟು ಸಿನಿಮಾ ಯಾಕೆ ಮಾಡುತ್ತಾರೆ? ಒಳ್ಳೇ ಪ್ರಶ್ನೆ, ಪ್ರೇಕ್ಷಕನ ಪ್ರಶ್ನೆ. ಹಿಂದಿ ಡಬ್ಬಿಂಗ್ ರೈಟ್ಸ್ ಇದೆ. ಸಹಾಯಧನದ ಅರ್ಜಿ ಇದೆ. ಟಿವಿಯವರು, ಓಟಿಟಿಯವರು ಮೊದಲು ಥಿಯೇಟರಿನಲ್ಲಿ ಏನಾಯಿತು ಹೇಳಿ ಅಂತ ಕೇಳುತ್ತಾರೆ, ಅದಕ್ಕೆ ಆ್ಯಪ್‌ನ ಫೋಟೋ ಇದೆ. ಮಗ ಹೀರೋ ಆಗಬೇಕು. ಸೈಟು ಮಾರಿದ ದುಡ್ಡಿಗೆ ಒಂದು ಲೆಕ್ಕ ಬೇಕು. ಇಷ್ಟು ಗಟ್ಟಿ ಕಾರಣಗಳ ನಡುವೆ ನೋಡುವವನು ಎಲ್ಲಿ ಬಂದ?

ಇಷ್ಟಾದರೂ ಕೆಲವರು ಬರುತ್ತಾರೆ. ಬಂದವರು ಸುಮ್ಮನೆ ಇರುವುದಿಲ್ಲ. ಬೆಂಗಳೂರಿನ ಒಬ್ಬ ಪ್ರೇಕ್ಷಕರು 4:05ರ ಶೋಗೆ ಹೋದರು, ಜಾಹೀರಾತು ಮುಗಿದು ಸಿನಿಮಾ ಶುರುವಾಗುವಾಗ 4:30 ಆಗಿತ್ತು, ನನ್ನ ಟೈಮ್ ಹಾಳಾಯಿತು ಅಂತ ಗ್ರಾಹಕರ ಆಯೋಗಕ್ಕೆ ಹೋದರು. 2025ರ ಫೆಬ್ರವರಿಯಲ್ಲಿ ಗೆದ್ದೂ ಬಿಟ್ಟರು. ಆಮೇಲೆ ಹೈಕೋರ್ಟ್ ತಡೆ ಕೊಟ್ಟಿತು ಅನ್ನಿ. ಇಂಥವರು ಒಳಗೆ ಬಂದರೆ ವ್ಯಾಪಾರ ಹೇಗೆ ಮಾಡುವುದು? ಇನ್ನು ಕೆಲವರು ಸಿನಿಮಾ ನೋಡಿ ಆ್ಯಪ್‌ನಲ್ಲಿ ರೇಟಿಂಗ್ ಹಾಕುತ್ತಾರೆ. ಅದಕ್ಕೂ ಮದ್ದು ಸಿಕ್ಕಿದೆ. 2025ರಲ್ಲಿ ಸಿನಿಮಾ ಮಾಡಿದವರೇ ಕೋರ್ಟಿನಿಂದ ಆದೇಶ ತಂದು, ಬಿಡುಗಡೆಗೆ ಮೊದಲೇ ರೇಟಿಂಗ್ ಮತ್ತು ವಿಮರ್ಶೆಯ ಜಾಗವನ್ನೇ ಮುಚ್ಚಿಸಿದರು. ಸುಳ್ಳು ರೇಟಿಂಗ್ ಹಾಕಿಸುವ ಗ್ಯಾಂಗ್‌ಗಳ ಕಾಟ ತಡೆಯಲಾರದೆ ಹೀಗೆ ಮಾಡಿದೆವು ಅನ್ನುವುದು ಅವರ ವಾದ, ಅದರಲ್ಲಿ ನಿಜ ಇಲ್ಲದಿಲ್ಲ. ಹೊಗಳಿ ಬರೆಸುವ ಗ್ಯಾಂಗ್ ಮಾತ್ರ ಯಾಕೋ ಯಾರಿಗೂ ಕಾಟ ಕೊಟ್ಟಿಲ್ಲ. ಶುಕ್ರವಾರ ಬೆಳಿಗ್ಗೆ ಥಿಯೇಟರ್ ಮುಂದೆ ಯೂಟ್ಯೂಬ್ ಮೈಕಿಗೆ "ಪೈಸಾ ವಸೂಲ್ ಗುರು!" ಅಂತ ಕಿರುಚುವ ವ್ಯಕ್ತಿ ಎಲ್ಲ ವಾರವೂ ಒಬ್ಬನೇ. ಅವನು ಒಳಗೆ ಹೋಗಿದ್ದನ್ನು ನಾನು ನೋಡಿಲ್ಲ. ಆದರೆ ಶಿಸ್ತಿನ ಮನುಷ್ಯ, ಫಸ್ಟ್ ಹಾಫ್ ಮುಗಿಯುವ ಮೊದಲೇ ಬಂದು ನಿಂತಿರುತ್ತಾನೆ.

ಸರ್ಕಾರವೂ ಪ್ರೇಕ್ಷಕನ ಬಗ್ಗೆ ತಲೆ ಕೆಡಿಸಿಕೊಂಡಿದೆ. 2017ರ ಬಜೆಟ್‌ನಲ್ಲಿ ಮಲ್ಟಿಪ್ಲೆಕ್ಸ್ ಟಿಕೆಟ್‌ಗೆ 200 ರೂಪಾಯಿ ಮಿತಿ ಅಂದರು. 2025ರ ಬಜೆಟ್‌ನಲ್ಲಿ ಮತ್ತೆ ಅದೇ 200 ಅಂದರು. ಇಷ್ಟು ವರ್ಷದಲ್ಲಿ ಬೆಂಗಳೂರಿನಲ್ಲಿ ಬೆಲೆ ಏರದೆ ನಿಂತ ವಸ್ತು ಇದೊಂದೇ ಇರಬೇಕು, ಜಾರಿಗೆ ಬಂದು ಉಳಿದಿದ್ದರೆ. ಸೆಪ್ಟೆಂಬರ್ 12ಕ್ಕೆ ನಿಯಮ ಬಂತು, 23ಕ್ಕೆ ಹೈಕೋರ್ಟ್ ತಡೆ ಬಂತು. ಆಮೇಲೆ ವಿಭಾಗೀಯ ಪೀಠ, ಮುಂದೆ ಸರ್ಕಾರ ಗೆದ್ದರೆ ಜನರಿಗೆ ದುಡ್ಡು ವಾಪಸ್ ಕೊಡಬೇಕಾದೀತು, ಮಾರಿದ ಪ್ರತಿ ಟಿಕೆಟ್ಟಿನ ಲೆಕ್ಕ ಇಡಿ ಅಂತ ಮಲ್ಟಿಪ್ಲೆಕ್ಸ್‌ಗಳಿಗೆ ಹೇಳಿತು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೂ ತಡೆ ಕೊಟ್ಟಿತು, ಕೊಡುವಾಗ ನೀರಿಗೆ 100, ಕಾಫಿಗೆ 700 ತಗೊಳ್ಳುತ್ತೀರಲ್ಲ ಅಂತ ಮಲ್ಟಿಪ್ಲೆಕ್ಸ್‌ನವರನ್ನು ಗದರಿಸಿತು. ನೀರು ಕಾಫಿ ಕುಡಿಯದೆ ಸಿನಿಮಾ ಮಾತ್ರ ನೋಡುವವನು ಈ ಕೇಸಿನಲ್ಲಿ ಎಲ್ಲಿದ್ದಾನೆ ಅಂತ ಹುಡುಕಿದೆ, ಸಿಗಲಿಲ್ಲ.

ಆ ನಿಯಮದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ವಿನಾಯಿತಿ. 75 ಅಥವಾ ಅದಕ್ಕಿಂತ ಕಡಿಮೆ ಸೀಟಿರುವ ಪ್ರೀಮಿಯಂ ಪರದೆಗಳಿಗೆ 200ರ ಮಿತಿ ಇಲ್ಲ. ಅಂದರೆ ಜನ ಕಡಿಮೆ ಕೂತಷ್ಟೂ ಪ್ರೀಮಿಯಂ. ಹಾಗೆ ನೋಡಿದರೆ ನಾನು ಬುಕಿಂಗ್ ಮಾಡಿದ ಸಿನಿಮಾಗಳು ಎಷ್ಟೋ ವರ್ಷದಿಂದ ಸೂಪರ್ ಪ್ರೀಮಿಯಂ ಆಗಿಯೇ ಓಡುತ್ತಿವೆ, ನಮಗೇ ಗೊತ್ತಿರಲಿಲ್ಲ.

ಕೇಂದ್ರದವರು ಹಿಂದೆ ಬಿದ್ದಿಲ್ಲ. 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಜೈಸಲ್ಮೇರ್‌ನಲ್ಲಿ ಕೂತು, ಉಪ್ಪು ಮಸಾಲೆಯ ಪಾಪ್‌ಕಾರ್ನ್ ಬಿಡಿಯಾಗಿ ಕೊಟ್ಟರೆ 5 ಪರ್ಸೆಂಟ್, ಪ್ಯಾಕೆಟ್ ಕಟ್ಟಿದರೆ 12, ಕ್ಯಾರಮೆಲ್ ಹಾಕಿದರೆ 18 ಅಂತ ವಿವರಿಸಿತು. ಟಿಕೆಟ್ ಮೇಲಿನ ಜಿಎಸ್‌ಟಿಯೂ ಹಾಗೇ, 2025ರ ಸೆಪ್ಟೆಂಬರ್‌ನಿಂದ 100 ರೂಪಾಯಿವರೆಗೆ 5, ದಾಟಿದರೆ 18. ನಮ್ಮ ನಿರ್ಮಾಪಕ ತನ್ನದೇ ಟಿಕೆಟ್ ಕೊಳ್ಳುವಾಗ ಸಿಂಗಲ್ ಸ್ಕ್ರೀನ್ ಹಿಡಿಯುವುದು ಒಳ್ಳೆಯದು ಅಂತ ನಾನು ಸಲಹೆ ಕೊಟ್ಟೆ. ತೆರಿಗೆ ಉಳಿಯುತ್ತದೆ.

ಇಷ್ಟೆಲ್ಲ ಆಗಿ ಎರಡನೇ ದಿನ ಸಕ್ಸಸ್ ಮೀಟ್. ಮೊದಲ ದಿನ ಇಡಬಹುದಿತ್ತು, ಆದರೆ ಹೋಟೆಲ್ ಹಾಲ್ ಸಿಕ್ಕಿರಲಿಲ್ಲ. ಎರಡನೇ ವಾರಕ್ಕೆ "25ನೇ ದಿನದತ್ತ" ಅಂತ ಪೋಸ್ಟರ್ ಅಂಟಿಸುತ್ತಾರೆ. ಸುಳ್ಳಲ್ಲ, ಕ್ಯಾಲೆಂಡರ್ ಆ ಕಡೆಗೇ ಹೋಗುತ್ತದೆ. ಎಲ್ಲೋ ಊರಾಚೆ ಮಲ್ಟಿಪ್ಲೆಕ್ಸಿನಲ್ಲಿ ಬೆಳಿಗ್ಗೆಯ ಒಂದು ಶೋ ಜೀವ ಹಿಡಿದುಕೊಂಡಿರುತ್ತದೆ, ಅದಕ್ಕೆ ದಿನಾ ಎರಡು ಟಿಕೆಟ್ ಆಫೀಸಿನಿಂದಲೇ ಬುಕ್ ಆಗುತ್ತದೆ, ಇಲ್ಲದಿದ್ದರೆ ಶೋ ಆ್ಯಪ್‌ನಿಂದ ಮಾಯ. 25ನೇ ದಿನ ಸಮಾರಂಭ. ಎಲ್ಲರಿಗೂ ಶೀಲ್ಡ್. ಹಾಡು ಬರೆದವರಿಗೆ, ಲೈಟ್ ಹಿಡಿದವರಿಗೆ, ಬುಕಿಂಗ್ ಮಾಡಿದ ನನಗೆ, ಬೆಳಗಿನ ಶೋಗೆ ಟಿಕೆಟ್ ಕೊಂಡ ಇಬ್ಬರು ಆಫೀಸ್ ಹುಡುಗರಿಗೂ. ಅವರಿಬ್ಬರೇ ಆ ಸಿನಿಮಾದ ನಿಷ್ಠಾವಂತ ಪ್ರೇಕ್ಷಕರು, ಒಂದು ದಿನವೂ ನೋಡಲಿಲ್ಲ.

ಮೊನ್ನೆ ಅದೇ ನಿರ್ಮಾಪಕರು ಫೋನ್ ಮಾಡಿದ್ದರು. ಇನ್ನೊಂದು ಸಿನಿಮಾ ರೆಡಿಯಂತೆ.

"ಅಣ್ಣಾ, ಮೇನ್ ಥಿಯೇಟರ್ ಹಿಡೀರಿ. ಅದೇ ಬೇಕು, ಲಕ್ಕಿ."

"ಯಾವ ಶುಕ್ರವಾರ ಸಾರ್? ಆ ತಿಂಗಳೆಲ್ಲ ಮಳೆ."

"ಮಳೆ ಬಂದ್ರೆ ಏನಣ್ಣಾ? ನೆನೆಯೋರು ಯಾರಿದ್ದಾರೆ?"

"ಬಾಡಿಗೆ ಸ್ವಲ್ಪ ಜಾಸ್ತಿ ಮಾಡಿದ್ದಾರೆ."

"ಒಂದು ಕೆಲ್ಸ ಮಾಡಿ. ಒಳಗೆ ಯಾರೂ ಇರಲ್ಲ ಅಲ್ವಾ, ಏಸಿ ಆಫ್ ಮಾಡ್ಕೊಳ್ಳಿ, ಅಷ್ಟು ಬಾಡಿಗೇಲಿ ಕಮ್ಮಿ ಮಾಡಿ ಅಂತ ಕೇಳಿ."

ನ್ಯಾಯವಾದ ಮಾತು ಅನ್ನಿಸಿತು. ಹೋಗಿ ಕೇಳಿದೆ. ಮ್ಯಾನೇಜರ್ ನನ್ನನ್ನು ಒಂದು ಕ್ಷಣ ನೋಡಿ, ಕಾಫಿ ತರಿಸಿ ಹೇಳಿದ:

"ಹೋದ್ಸಲನೇ ಆಫ್ ಮಾಡಿದ್ವಿ ಸಾರ್. ನಿಮಗೆ ಗೊತ್ತಾಗ್ಲಿಲ್ವಾ?"